ಮಾಗಳಿ ಬೇರಿನ ಸುಳ್ಳು ಚೀಟಿ

ಗುರುಮಲ್ಲಪ್ಪನವರಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಸರಸ್ವತಿಪುರಂನ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ನಾನು ಗುಮಾಸ್ತ, ಅವರು ಅಟೆಂಡರ್. ಗುಡ್ಡ ಅಲೆದು ಗಿಡ ತಂದು, ಒಣಗಿಸಿ, ಹಾಳೆಗೆ ಅಂಟಿಸಿ, ಅದು ಸಿಕ್ಕಿದ ಜಾಗವನ್ನು ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುವುದು ಅವರ ಕೆಲಸ. ಇಂಥವರು ಹದಿಮೂರು ವರ್ಷ ಒಂದು ಸುಳ್ಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು ಯಾರಿಗೆ ಗೊತ್ತಿಲ್ಲ? ಬೇರು ಅಗೆದರೆ ಬಳ್ಳಿ ಸತ್ತಂತೆಯೇ. ಅಗೆದೂ ಅಗೆದೂ ಅದು ಅಪರೂಪವಾಗಿತ್ತು. ೧೯೯೪ರಲ್ಲಿ ನವಣೆಗುಡ್ಡದ ಬಿಳಿ ಗರಸು ಮಣ್ಣಿನಲ್ಲಿ ಹತ್ತಾರು ಬಳ್ಳಿ ಕಂಡಾಗ, ಚೀಟಿ ಓದಿ ಯಾರಾದರೂ ಅಗೆದಾರೆಂಬ ಭಯಕ್ಕೆ ಇವರು ಆ ಬಳ್ಳಿಯ ಎಲ್ಲ ಹಾಳೆಗಳ ಮೇಲೂ ದೂರದ ಜಾಲಿಗುಡ್ಡದ ಹೆಸರು ಬರೆದುಬಿಟ್ಟರು. ಆಮೇಲೆ ಪ್ರತಿವರ್ಷ ದೇವರಾಜ ಮಾರುಕಟ್ಟೆಗೆ ಹೋಗಿ ಬೇರಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದು ನೋಡುವರು. ಬಿಳಿ ಗರಸು ಕಾಣದಿದ್ದರೆ ಅವತ್ತು ನೆಮ್ಮದಿಯ ಊಟ.

೨೦೦೭ರಲ್ಲಿ ಸಂಶೋಧನೆಗೆ ಬಂದ ಶಿವಾನಿ ಆ ಚೀಟಿಗಳ ಜಾಗಗಳನ್ನು, ಮಳೆ ಮತ್ತು ಇಳಿಜಾರಿನ ವಿವರಗಳ ಜೊತೆ ಕಂಪ್ಯೂಟರಿಗೆ ಕೊಟ್ಟು, ಬಳ್ಳಿ ಎಲ್ಲೆಲ್ಲಿ ಬದುಕೀತೆಂಬ ನಕ್ಷೆ ತೆಗೆದಳು. ತಕ್ಕ ಜಾಗವೆಂದು ಜಾಲಿಗುಡ್ಡ ಕೆಂಪಗೆ ಮೂಡಿತು. ಮುಂಗಾರಿಗೆ ಮಾಗಳಿಯ ಇನ್ನೂರು ಸಸಿಗಳನ್ನು ಅಲ್ಲೇ ನೆಡುವುದೆಂದು ತೀರ್ಮಾನವಾಯಿತು. ಅಲ್ಲಿನ ಎರೆಮಣ್ಣಿನಲ್ಲಿ ಬೇರು ಕೊಳೆಯುತ್ತದೆಂದು ಗುರುಮಲ್ಲಪ್ಪನವರಿಗೆ ಗೊತ್ತು. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ನನ್ನ ಹತ್ತಿರ ಹೇಳಿಕೊಂಡಾಗ ನಾನು ರೇಗಿದೆ.

"ಈಗ್ಲಾದ್ರೂ ಬಾಯ್ಬುಡ್ರೀ! ಇನ್ನೂರು ಸಸಿ ಸಾಯ್ತವೆ."

ಬಾಯಿಬಿಟ್ಟರು. "ತಪ್ಪಾಗೋಯ್ತು ಕಣಮ್ಮ, ಅದು ನವಣೆಗುಡ್ಡ. ಯಾರ್ಗೂ ಹೇಳ್ಬ್ಯಾಡಿ" ಎಂದು ಶಿವಾನಿಗೆ ಕೈಮುಗಿದರು. ಅವಳು ಬೈಯಲಿಲ್ಲ. ಹೊಸ ನಕ್ಷೆ ತೆಗೆದಳು, ವರದಿಯಲ್ಲಿ ಗುಡ್ಡದ ಹೆಸರನ್ನೇ ಬಿಟ್ಟಳು. ಆದರೆ ಸಸಿ ಹೊತ್ತು ನವಣೆಗುಡ್ಡ ಹತ್ತಿದ ಇಪ್ಪತ್ತು ಜನರಿಗೆ ಅಲ್ಲಿನ ಹಳೇ ಬಳ್ಳಿ ಕಾಣಲು ಕಣ್ಣಿರಲಿಲ್ಲವೇ?

ಮರುವರ್ಷ ಮಾರುಕಟ್ಟೆಗೆ ನಾನೂ ಜೊತೆಗಿದ್ದೆ. ಬೇರು ಮಾರುವ ಮಾದೇವಮ್ಮನ ರಾಶಿಯಿಂದ ತೋಳುದಪ್ಪದ ಹಳೇ ಬೇರೊಂದನ್ನು ಎತ್ತಿ ಕೆರೆದರು. ಉಗುರಿನ ಸಂದಿಯಲ್ಲಿ ಬಿಳಿ ಗರಸು.

"ಒಳ್ಳೆ ಮಾಲು ಕಣಪ್ಪ, ಇವತ್ತೇ ಬಂದದ್ದು" ಎಂದಳು ಮಾದೇವಮ್ಮ.

ಅವರು ಬೇರನ್ನು ಮೆಲ್ಲಗೆ ರಾಶಿಗೆ ವಾಪಸಿಟ್ಟರು. ಬಾಯಿ ಬಿಡಿಸಿದವನು ನಾನೇ ತಾನೆ. ಇಬ್ಬರೂ ಕಾಲೇಜಿಗೆ ವಾಪಸಾದೆವು.

ಬಾಗಿಲಲ್ಲೇ ಶಿವಾನಿ ಓಡಿಬಂದಳು. "ಸಸಿ ನೋಡೋಕೆ ಹೋದವ್ರು ಫೋನ್ ಮಾಡಿದ್ರು ಸಾರ್, ನೂರಾ ಅರವತ್ತು ಸಸಿ ಚಿಗುರಿವೆಯಂತೆ! ನಿಮ್ಮ ಹಳೇ ಬಳ್ಳಿಗಳೂ ಚೆನ್ನಾಗಿರ್ಬೇಕು ಅಲ್ವಾ?"

ಗುರುಮಲ್ಲಪ್ಪ ಕೈಯನ್ನು ಜೇಬಿನೊಳಗೆ ಇಳಿಸಿದರು.

"ಚೆನ್ನಾಗವೆ ಕಣಮ್ಮ" ಎಂದರು.