ಅತ್ತೆಯ ಬೆಂಡೋಲೆ

ಐವತ್ತರ ದಶಕದಲ್ಲಿ ಗೋರೆಗಾಂವ್‌ನ ನಮ್ಮ ಚಾಳಿನ ಮನೆಯಲ್ಲಿ ಸೋದರತ್ತೆಯೂ ಇದ್ದಳು. ಒಂದು ಬೆಳಿಗ್ಗೆ ವಿಕ್ರೋಳಿಯ ಕಾರ್ಖಾನೆಗೆ ಹೋದ ಅವಳ ಗಂಡ, ನಮ್ಮ ಮಾವ, ಮರಳಲೇ ಇಲ್ಲ. ಮೂರು ವರ್ಷ ಕಾದ ಮೇಲೆ ಹಿರಿಯರು, ಮಾವ ಇನ್ನಿಲ್ಲವೆಂದು ತೀರ್ಮಾನಿಸಿ, ಅತ್ತೆಯ ಬೆಂಡೋಲೆ ಬಿಚ್ಚಿಸಿದರು. ಅವಳು ಮಾತ್ರ ದಿನವೂ ಕಿವಿಯ ತೂತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬೇವಿನ ಕಡ್ಡಿ ಸಿಕ್ಕಿಸುತ್ತಿದ್ದಳು.

“ಯಾಕತ್ತಿ?” ಎಂದೆ.

“ತೂತು ಮುಚ್ಚಿದ್ರ, ಅವರು ಬಂದಾಗ ಬೆಂಡೋಲಿ ಹೆಂಗ ಹಾಕ್ಕೊಳ್ಳಲಿ?”

ನನ್ನ ಮೇಲ್ಗಿವಿ ಚುಚ್ಚಿಸಿದಾಗ ಅಪ್ಪ ಆ ಬೆಂಡೋಲೆಯನ್ನೇ ಕರಗಿಸಿ ನನಗೆ ಬುಗುಡಿ ಮಾಡಿಸಿದರು. ಕೀವಾದ ನನ್ನ ಕಿವಿಯನ್ನು ಅತ್ತೆಯೇ ಬಿಸಿನೀರಿನಲ್ಲಿ ಒರೆಸಿ, ಅರಿಸಿನ ಹಚ್ಚಿ ವಾಸಿಮಾಡಿದಳು. ತನ್ನ ಕಡ್ಡಿಗಳನ್ನು ತೆಗೆದುಬಿಟ್ಟಳು. ಮಳೆಗಾಲ ಕಳೆಯುವಷ್ಟರಲ್ಲಿ ಅವಳ ತೂತುಗಳು ಮುಚ್ಚಿಕೊಂಡವು. ಆಮೇಲೆ ಅವಳು ಗಂಡನ ಮಾತೆತ್ತಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಮಾವನೇ ಬಂದರೇನೋ ಎಂದು ನಾನು ಬೆಚ್ಚಿ, ಬುಗುಡಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದೆ.