ಸೀಟಕ್ಕ ಹೊಲಿದ ಡಸ್ಟರ್

ಬೀದಿ ದೀಪಗಳು ಇನ್ನೂ ಆರಿಲ್ಲ. ಸಾಲು ಅಂಗಡಿಗಳ ಪೈಕಿ ಒಂದರ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಮೇಲೆದ್ದಿದೆ. ಬಗ್ಗಿ ನೋಡಿದರೆ ಒಳಗೆ ಬೈಕುಗಳ ಹರಿದ ಸೀಟುಗಳ ರಾಶಿ, ಗೋಡೆಗೆ ಒರಗಿಸಿದ ಸ್ಪಂಜಿನ ಹಾಳೆಗಳು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಹಿಂಬದಿಯ ಗೋಡೆಯಲ್ಲಿ ಯಾವುದೋ ಶಾಲೆಯವರು ಬೇಡವೆಂದು ಬಿಸಾಕಿದ ಒಂದು ಕರಿಹಲಗೆ. ಅದರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ನಿಂತು ಏಳರ ಮಗ್ಗಿ ಬರೆಯುತ್ತಿದ್ದಾರೆ. ಒಪ್ಪಿಸುವ ಮಕ್ಕಳಿಲ್ಲ, ತಪ್ಪಾದರೆ ತಿದ್ದುವವರೂ ಇಲ್ಲ. ಹಲಗೆ ತುಂಬಿದ ಮೇಲೆ ಕೆಳಗೆ ಕಪ್ಪು ರೆಕ್ಸಿನ್ ಹಾಸಿ, ಅಂಗೈಯಗಲದ ಡಸ್ಟರ್ ಹಿಡಿದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸುತ್ತಾರೆ. ಆಮೇಲೆ ಮಂಡಿಯೂರಿ ಕೂತು, ರೆಕ್ಸಿನ್ ಮೇಲೆ ಬಿಳಿ ಪುಡಿ ಎಷ್ಟು ಉದುರಿದೆ ಎಂದು ಬೆರಳಾಡಿಸಿ ನೋಡುತ್ತಾರೆ.

“ಇವತ್ತು ಪರವಾಗಿಲ್ಲ” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲು ಅಲ್ಲಿ ಬೇರೆ ಯಾರೂ ಇಲ್ಲ.

ಈ ಬೀದಿಯವರಿಗೆಲ್ಲ ಇವರು ಸೀಟಕ್ಕ. ಬೈಕಿನ ಸೀಟು ಹರಿದವರು, ಸೋಫಾ ಕುಸಿದವರು, ಕುರ್ಚಿಯ ಸ್ಪಂಜು ಹೊರಬಂದವರು ಎಲ್ಲರೂ ಹುಡುಕಿಕೊಂಡು ಬರುವುದು ಇಲ್ಲಿಗೇ. ಹುಟ್ಟಿದಾಗ ಇಟ್ಟ ಹೆಸರನ್ನು ಕರೆಯುವವರು ಈಗ ಉಳಿದಿಲ್ಲ. “ಊರಿಗೆ ಊರೇ ನಾನು ಹೊಲಿದಿದ್ದರ ಮೇಲೆ ಕೂತು ಓಡಾಡುತ್ತೆ. ಕೂತವರಿಗೆ ಸೀಟು ಕಾಣಲ್ಲವಲ್ಲ, ಇನ್ನು ಹೊಲಿದವಳು ಎಲ್ಲಿ ಕಾಣ್ತಾಳೆ?” ಎಂದು ನಗುತ್ತಾರೆ. ಬೆನ್ನು ನೆಟ್ಟಗೆ ಮಾಡದೆ ತುಳಿದರೆ ದಿನಕ್ಕೆ ಮೂರು ಸೀಟು ಆಗುತ್ತದೆ. ಸೋಫಾ ಬಂದರೆ ಆ ವಾರ ಅಷ್ಟಕ್ಕೇ ಮುಗಿಯಿತು. ಅಂಗಡಿಯ ಹಿಂದೆ ಪರದೆ ಕಟ್ಟಿದ ಜಾಗವೇ ಮನೆ. ಒಂದು ಒಲೆ, ಒಂದು ಮಂಚ. ಇನ್ನೊಂದು ಮಂಚವನ್ನು ಮಡಚಿ ಸ್ಪಂಜಿನ ಹಾಳೆಗಳ ಹಿಂದೆ ನಿಲ್ಲಿಸಿದ್ದಾರೆ.

ಆ ಮಂಚ ತಮ್ಮನದು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಹತ್ತಿ ಮೂಟೆಯ ಮೇಲೆ ಮಲಗಿಸಿ, ಒಂದು ಕಾಲಲ್ಲಿ ಯಂತ್ರ ತುಳಿಯುತ್ತ, ಇನ್ನೊಂದು ಕಾಲಲ್ಲಿ ತೊಟ್ಟಿಲು ತೂಗಿದಂತೆ ಮೂಟೆ ಅಲ್ಲಾಡಿಸುತ್ತ ಅವನನ್ನು ಸಾಕಿದರು. ಮದುವೆಯ ಮಾತು ಬಂದಾಗಲೆಲ್ಲ “ಇವನೊಂದು ದಡ ಸೇರಲಿ” ಎನ್ನುತ್ತಿದ್ದರಂತೆ. ಅವನು ದಡ ಸೇರಿದ, ಲೆಕ್ಕದ ಮೇಷ್ಟ್ರಾದ. ಅಷ್ಟು ಹೊತ್ತಿಗೆ ಮದುವೆಯ ಮಾತು ತರುವವರು ಬರುವುದನ್ನೇ ನಿಲ್ಲಿಸಿದ್ದರು.

ಲೆಕ್ಕದ ಮೇಷ್ಟ್ರೆಂದರೆ ಬೋರ್ಡಿನ ಈ ಮೂಲೆಯಿಂದ ಆ ಮೂಲೆಗೆ ಬರೆಯುವವರು, ಒರೆಸಿ ಮತ್ತೆ ಬರೆಯುವವರು. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸೀಮೆಸುಣ್ಣ ಕುಡಿದವರು ಇವರೇ ಎಂದು ಗಂಟೆ ಬಾರಿಸುವ ಜವಾನ ತಮಾಷೆ ಮಾಡುತ್ತಿದ್ದ. ಆ ತಮಾಷೆ ಹೆಚ್ಚು ಕಾಲ ನಡೆಯಲಿಲ್ಲ. ತಮ್ಮನಿಗೆ ಮೊದಲು ಕೆಮ್ಮು, ಆಮೇಲೆ ಉಬ್ಬಸ, ಒಂದು ದಿನ ಪಾಠದ ನಡುವೆಯೇ ಉಸಿರು ಸಿಕ್ಕಿಕೊಂಡು ಕುಸಿದು ಕೂತ. ಧೂಳಿನ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಶಾಲೆಯವರು ಪಾಠ ಬಿಡಿಸಿ ಆಫೀಸಿನಲ್ಲಿ ಕೂರಿಸಿದರು. ಧೂಳು ಸೀಮೆಸುಣ್ಣದ್ದು ಮಾತ್ರವೇ ಆಗಬೇಕೆಂದಿಲ್ಲವಲ್ಲ. ಹತ್ತಿ, ಸ್ಪಂಜಿನ ಪುಡಿ ತುಂಬಿದ ಈ ಅಂಗಡಿಯಲ್ಲೂ ಮಲಗುವಂತಿಲ್ಲ ಎಂದಾಯಿತು. ತಮ್ಮನು ಶಾಲೆಯ ಹತ್ತಿರ ಬೇರೆ ಕೋಣೆ ಹಿಡಿದ.

“ಯಾರ ಧೂಳು ಅವನ ಎದೆಗೆ ಹೋಯ್ತು ಅಂತ ಡಾಕ್ಟರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ” ಎನ್ನುತ್ತಾರೆ ಸೀಟಕ್ಕ. “ನಾನು ಸಾಕಿದ್ದು ಇದೇ ಹತ್ತಿ ಮೂಟೆ ಮೇಲೆ ಅಲ್ವಾ.”

ಭಾನುವಾರಗಳಲ್ಲಿ ತಮ್ಮ ಬರುತ್ತಿದ್ದ. ಒಳಗೆ ಬರುವಂತಿಲ್ಲವಾದ್ದರಿಂದ ಶಟರಿನ ಹೊರಗೆ ಸ್ಟೂಲ್ ಹಾಕಿ, ನೀರು ಚಿಮುಕಿಸಿ ಅವನನ್ನು ಕೂರಿಸುತ್ತಿದ್ದರು. ಚಹಾ ಕುಡಿಯುವಷ್ಟು ಹೊತ್ತು ಕೂತು, “ಆಫೀಸಲ್ಲಿ ಕೂತು ಕೂತು ಸಾಕಾಯ್ತು, ಅಕ್ಕ. ಪಕ್ಕದ ಕ್ಲಾಸಲ್ಲಿ ಯಾರಾದ್ರೂ ತಪ್ಪು ಲೆಕ್ಕ ಹೇಳಿಕೊಡ್ತಿದ್ರೆ ಕಾಲು ತಾನಾಗೇ ಏಳುತ್ತೆ” ಎನ್ನುತ್ತಿದ್ದ. ಆ ಮಾತು ಸೀಟಕ್ಕನ ತಲೆ ಹೊಕ್ಕಿತು. ಸೀಮೆಸುಣ್ಣ ಬದಲಾಯಿಸುವುದು ಅವರ ಕೈಯಲ್ಲಿಲ್ಲ. ಡಸ್ಟರ್ ಎಂದರೆ ಏನು? ಒಂದು ತುಂಡು ಮರ, ಅದಕ್ಕೊಂದು ಮೆತ್ತೆ. ಮೆತ್ತೆ ಹೊಲಿಯುವುದೇ ಅವರ ಕಸುಬು.

ಹಳೆ ಬೋರ್ಡನ್ನು ತಂದುಕೊಟ್ಟವನು ಆ ಜವಾನನೇ. ಇಡೀ ಶಾಲೆಗೆ ಅವನು ಗಂಟೆಯಣ್ಣ. ಒದ್ದೆ ಸ್ಪಂಜಿನಿಂದ ಶುರುವಾಯಿತು. ಧೂಳೇನೋ ಏಳಲಿಲ್ಲ, ಆದರೆ ಬೋರ್ಡು ಒಣಗುವವರೆಗೆ ಮೇಷ್ಟ್ರು ಕೈಕಟ್ಟಿ ನಿಲ್ಲಬೇಕು. ಮಖಮಲ್ಲು ಹಾಕಿದರೆ ಅಕ್ಷರದ ಮೇಲೆ ಜಾರಿಕೊಂಡು ಹೋಯಿತು, ಅಕ್ಷರ ಅಲ್ಲೇ ಉಳಿಯಿತು. ಕೊನೆಗೆ ಕೈ ಹಿಡಿದದ್ದು ಸೀಟಿನ ವಿದ್ಯೆಯೇ. ಸೀಟಿಗೆ ಗಾಳಿಯಾಡಲು ಸಂದಿ ಬಿಡುವಂತೆ, ದಪ್ಪ ಉಣ್ಣೆಯ ಪಟ್ಟಿಗಳ ನಡುವೆ ಸಂದಿ ಬಿಟ್ಟರು. ಒರೆಸಿದ ಪುಡಿ ಆ ಸಂದಿಯಲ್ಲಿ ಇಳಿದು ಒಳಗಿನ ರೆಕ್ಸಿನ್ ಚೀಲ ಸೇರುತ್ತದೆ. ಸಂಜೆ ಚೀಲವನ್ನು ಪಕ್ಕದಿಂದ ಎಳೆದು ನೀರಿನಲ್ಲಿ ಅದ್ದಿ ತೊಳೆದರೆ ಮುಗಿಯಿತು. ಕೈಗೆ ಹಗುರವಾಗಲಿ ಎಂದು ಮರವನ್ನು ತೆಗೆದೇ ಹಾಕಿದರು. ಅಂಗಡಿಯ ಬೋರ್ಡಿನಲ್ಲಿ ಅದು ಸೊಗಸಾಗಿ ಒರೆಸಿತು, ಕೆಳಗಿನ ರೆಕ್ಸಿನ್ ಕಪ್ಪಾಗಿಯೇ ಉಳಿಯಿತು. ಶಾಲೆಯ ಹೆಡ್‌ಮಿಸ್ಸು ಕೂಡ ನೋಡಿ, ಒಂದು ವಾರ ಪಾಠ ಮಾಡಿ ನೋಡಲಿ ಎಂದು ಮೇಷ್ಟ್ರಿಗೆ ಒಪ್ಪಿಗೆ ಕೊಟ್ಟರು.

ಆ ವಾರ ಒಂದೇ ದಿನಕ್ಕೆ ಮುಗಿಯಿತು. ಬಹಳ ದಿನಗಳ ಮೇಲೆ ಬಂದ ಮೇಷ್ಟ್ರನ್ನು ಕಂಡು ಮಕ್ಕಳು ಗದ್ದಲವೆಬ್ಬಿಸಿದರು. ಮೇಷ್ಟ್ರು ಅಭ್ಯಾಸಬಲದಿಂದ ಡಸ್ಟರ್ ಎತ್ತಿ ಮೇಜಿಗೆ ಬಡಿದರು. ಶಬ್ದವೇ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಬಡಿದರು, ದಿಂಬಿಗೆ ಗುದ್ದಿದಂತಾಯಿತು. ಇಡೀ ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಪುಸ್ತಕದ ಚೀಲಕ್ಕೆ ಬಡಿದು ಅಣಕಿಸಿದರು. ಗದರಿಸಲು ಹೋದ ಮೇಷ್ಟ್ರಿಗೆ ಕೆಮ್ಮು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ. ಅಂದು ಸಂಜೆ ಅವರು ಧೂಳನ್ನೂ ಲೆಕ್ಕಿಸದೆ ಅಂಗಡಿಯೊಳಗೇ ಬಂದು ಡಸ್ಟರನ್ನು ಹೊಲಿಗೆ ಯಂತ್ರದ ಮೇಲಿಟ್ಟು, “ಅಕ್ಕ, ನಾನು ನಿನ್ನ ಹತ್ರ ಆಟದ ಸಾಮಾನು ಕೇಳಿದ್ನಾ?” ಎಂದು ಹೇಳಿ ಹೊರಟುಹೋದರು. ಸ್ಟೂಲಿನ ಮೇಲೆ ಕೂರಲೂ ಇಲ್ಲ. ಆಮೇಲೆ ಯಾವ ಭಾನುವಾರವೂ ಬರಲಿಲ್ಲ. ಕ್ಲಾಸಿನಲ್ಲಿ ನಡೆದದ್ದನ್ನು ಸೀಟಕ್ಕನಿಗೆ ಹೇಳಿದವನು ಗಂಟೆಯಣ್ಣ.

“ಅವನು ಅಂದಿದ್ದರಲ್ಲಿ ತಪ್ಪಿಲ್ಲ” ಎನ್ನುತ್ತಾರೆ ಸೀಟಕ್ಕ. “ಅದಕ್ಕೂ ಮುಂಚೆ ಒಂದಿನ ಶಾಲೆ ಕಿಟಕಿ ಹತ್ರ ನಿಂತು ಪಾಠ ನೋಡಿ ಬಂದಿದ್ದೆ. ಡಸ್ಟರ್ ಬೋರ್ಡ್ ಮೇಲೆ ಹೇಗೆ ಓಡುತ್ತೆ ಅಂತಷ್ಟೇ ನೋಡ್ದೆ. ಮೇಜಿನ ಕಡೆ ತಿರುಗೂ ನೋಡ್ಲಿಲ್ಲ. ಮೇಷ್ಟ್ರಿಗೆ ಅದು ಒರೆಸೋಕೆ ಮಾತ್ರ ಅಲ್ಲ, ಸುಮ್ಮನಿರ್ರೋ ಅನ್ನೋಕೂ ಬೇಕು. ಎದೆಯಲ್ಲಿ ಶಕ್ತಿ ಇಲ್ಲದವನಿಗಂತೂ ಅದೇ ಬಾಯಿ. ನಾನು ಅವನ ಬಾಯೇ ಹೊಲಿದುಬಿಟ್ಟಿದ್ದೆ.”

ಇಷ್ಟು ಹೇಳಿ ಅವರು ಎದ್ದು, ಕತ್ತರಿಗೆ ಎಣ್ಣೆ ಹಾಕುತ್ತಾರೆ. ತಪ್ಪು ತಿಳಿದ ಮೇಲೆ ಅದನ್ನು ಹೇಳಿಕೊಳ್ಳಬೇಕಾದವನೇ ಎದುರಿಗಿಲ್ಲದಿರುವುದು ಎಂಥ ಸಂಕಟ! ಕೋಣೆಗೇ ಹೋಗಿ ಮಾತಾಡಬಹುದಿತ್ತಲ್ಲ ಎಂದರೆ, “ನನ್ನ ಬಟ್ಟೆ ತುಂಬ ಹತ್ತಿ ಇರುತ್ತೆ” ಎನ್ನುತ್ತಾರೆ. ಅದು ನಿಜವೂ ಹೌದು, ನೆಪವೂ ಹೌದು. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತದೆ.

ಮತ್ತೆ ಮಗ್ಗಿ, ಮತ್ತೆ ಕಪ್ಪು ರೆಕ್ಸಿನ್. ಮೇಲೆ ಮರ ಕೂರಿಸಿ ಮೇಜಿಗೆ ಬಡಿದರೆ ಶಬ್ದವೇನೋ ಬಂತು, ಆದರೆ ಚೀಲದಲ್ಲಿ ಕೂಡಿಟ್ಟ ಪುಡಿಯೆಲ್ಲ ಒಂದೇ ಏಟಿಗೆ ಹೊರಗೆ ಹಾರಿ ಸೀಟಕ್ಕನ ತಲೆ ಬೆಳ್ಳಗಾಯಿತು. “ಕನ್ನಡಿ ನೋಡ್ಕೊಂಡು ನಾನೇ ನಕ್ಕೆ. ಅವನಿದ್ದಿದ್ರೆ ಇನ್ನೂ ನಗ್ತಿದ್ದ” ಎನ್ನುತ್ತಾರೆ. ಕೊನೆಗೆ ಚೀಲ ಒಂದು ಕಡೆ, ಬಡಿಯುವ ಜಾಗ ಇನ್ನೊಂದು ಕಡೆ ಎಂದು ಬೇರೆ ಮಾಡಿದರು. ಡಸ್ಟರಿನ ಒಂದು ತುದಿಗೆ ಚಪ್ಪಲಿಯ ಹಿಮ್ಮಡಿಯಂತೆ ಗಟ್ಟಿ ಮರದ ತುಂಡು. ಚೀಲದ ಬಾಯಿಗೆ ರೆಕ್ಸಿನ್ ನಾಲಿಗೆ, ಡಸ್ಟರ್ ತಿರುಗಿಸಿದೊಡನೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಶಬ್ದ ಸರಿಯಾಗುವವರೆಗೆ ಅವರು ಬೆಳಗಿನ ಜಾವ ಮೇಜು ಬಡಿದದ್ದೇ ಬಡಿದದ್ದು. ಪಕ್ಕದ ಅಂಗಡಿಯ ಬೀಗದವನು ಬಂದು, “ಸೀಟಕ್ಕ, ಯಾರನ್ನ ಕರೀತಿದ್ದೀರಿ?” ಎಂದು ಕೇಳಿದನಂತೆ. ಅವರು ಮತ್ತೊಮ್ಮೆ ಮೇಜು ಬಡಿದರು.

ಹೊಸ ಡಸ್ಟರನ್ನು ಗಂಟೆಯಣ್ಣನ ಕೈಯಲ್ಲಿ ಕಳಿಸಿದರು. ಹೇಗಾಯಿತೆಂಬುದನ್ನು ಅವನೇ ಹೇಳುತ್ತಾನೆ: “ಯಾರು ಕೊಟ್ಟಿದ್ದು ಅಂತ ಮೇಷ್ಟ್ರು ಕೇಳ್ಲೇ ಇಲ್ಲ. ತಿರುಗಿಸಿ ಹೊಲಿಗೆ ನೋಡಿದ್ರು, ಅದರ ಮೇಲೆ ಬೆರಳಾಡಿಸಿದ್ರು. ಆಮೇಲೆ ಆಫೀಸ್ ಮೇಜಿಗೇ ಒಂದು ಏಟು ಹಾಕಿದ್ರು ನೋಡಿ, ಹೆಡ್‌ಮಿಸ್ಸು ಕುರ್ಚಿಯಿಂದ ಎದ್ದುಬಿಟ್ರು.” ಮೇಷ್ಟ್ರೀಗ ಬೆಳಗಿನ ಎರಡು ತರಗತಿ ತೆಗೆದುಕೊಳ್ಳುತ್ತಿದ್ದಾರೆ. ಕೆಮ್ಮು ಪೂರ್ತಿ ಬಿಟ್ಟಿಲ್ಲ, ಹೆಚ್ಚೂ ಆಗಿಲ್ಲ. ಡಾಕ್ಟರು ಬೈಯುತ್ತಲೇ ಒಪ್ಪಿದ್ದಾರೆ. ಭಾನುವಾರ ಮಾತ್ರ ಸ್ಟೂಲು ಇನ್ನೂ ಖಾಲಿ. “ನಾಚಿಕೆ ಅವರಿಗೆ. ಅಂದ ಮಾತು ದೊಡ್ಡದಾಯ್ತಲ್ಲ” ಎನ್ನುತ್ತಾನೆ ಗಂಟೆಯಣ್ಣ.

ಈಗ ಬೇರೆ ಶಾಲೆಗಳ ಮೇಷ್ಟ್ರುಗಳೂ ಡಸ್ಟರ್ ಕೇಳಿಕೊಂಡು ಬರುತ್ತಿದ್ದಾರೆ. ಸೀಟುಗಳ ರಾಶಿಯ ಪಕ್ಕದಲ್ಲಿ ಡಸ್ಟರುಗಳದ್ದೂ ಒಂದು ಪುಟ್ಟ ರಾಶಿ ಬೆಳೆದಿದೆ. ಒರೆಸುವ ಪಟ್ಟಿ ಕೆಲವು ತಿಂಗಳಲ್ಲಿ ಸವೆದುಹೋಗುತ್ತದೆ. ಯಾರು ಬೇಕಾದರೂ ಬಿಚ್ಚಿ ಹೊಸದು ಹಾಕಿಕೊಳ್ಳಲೆಂದು ಟಿಚ್ ಬಟನ್ ಇಟ್ಟಿದ್ದಾರೆ. ಸೂಜಿ ಬೇಡ, ದಾರ ಬೇಡ, ಸೀಟಕ್ಕನೂ ಬೇಡ. ಒಂದನ್ನು ಕೈಗೆತ್ತಿಕೊಂಡು ಟಪ್ಪೆಂದು ಬಿಚ್ಚಿ, ಟಪ್ಪೆಂದು ಹಾಕಿ ತೋರಿಸುತ್ತಾರೆ.

ತಮ್ಮನ ಡಸ್ಟರಿಗೂ ಇದೇ ಬಟನ್ ಇದೆಯೇ ಎಂದು ಕೇಳಿದರೆ ಸೀಟಕ್ಕ ತಲೆಯೆತ್ತುವುದಿಲ್ಲ. ದಬ್ಬಳಕ್ಕೆ ದಾರ ಪೋಣಿಸಿ, ಗಂಟು ಹಾಕಿ, ಹಲ್ಲಲ್ಲಿ ಕಡಿಯುತ್ತಾರೆ.

“ಇಲ್ಲ. ಅದರ ಪಟ್ಟಿಗಳಿಗೆ ಸುತ್ತ ಕೈಹೊಲಿಗೆ ಹಾಕಿದ್ದೀನಿ. ಬೇರೆ ಯಾರು ಬಿಚ್ಚೋಕೆ ಹೋದ್ರೂ ಹರಿಯುತ್ತೆ. ಪಟ್ಟಿ ಸವೆದ್ರೆ ಇಲ್ಲಿಗೇ ತರಬೇಕು.”

ಸ್ವಲ್ಪ ಹೊತ್ತು ಯಂತ್ರ ತುಳಿಯುತ್ತಾರೆ. ಆಮೇಲೆ ತುಳಿಯುವುದನ್ನು ನಿಲ್ಲಿಸದೆಯೇ ಹೇಳುತ್ತಾರೆ.

“ಸವೆಯುತ್ತೆ. ಈಗ ದಿನಾ ಬೋರ್ಡ್ ಒರೆಸ್ತಾನಲ್ಲ.”