ಅಂಗೈ ಕೆಳಗಿನ ಕೈ

ಸಂಶಿಯ ಮಡಿವಾಳೆಪ್ಪ ಮಾಸ್ತರರಿಗೆ ಪಿಂಚಣಿ ಬಂದಿತು, ಊರಿಗೆ ತಲೆನೋವು ಬಂದಿತು. 'ನಾನು ಯಾರು?' ಎಂದು ಕೇಳದೆ ಅವರು ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ೧೯೮೬ರ ಸುಗ್ಗಿ ಮುಗಿದದ್ದೇ ತಡ, ಹತ್ತಾರು ಮಂದಿಯನ್ನು ಕೂಡಿಸಿ, ಅಣ್ಣಿಗೇರಿಯ ಹಳೆಯ ಗುಡಿಯಲ್ಲಿ ಕೆಲವು ದಿನ ಕೂತು ತತ್ವವಿಚಾರ ಮಾಡಲು ಎರಡು ಚಕ್ಕಡಿ ಹೂಡಿಸಿದರು. ಬಸ್ಸಿದೆಯಲ್ಲ ಎಂದವರಿಗೆ, "ಬಸ್ಸಿನಾಗ ಮೈಯಷ್ಟ ಹೋಗಿ ಮುಟ್ಟತೈತಿ. ಮನಸು ಹುಬ್ಬಳ್ಳಿ ಸ್ಟ್ಯಾಂಡಿನಾಗ ಉಳೀತೈತಿ" ಎಂದರು.

ಹಿಂದಿನ ಚಕ್ಕಡಿಯಲ್ಲಿ ಕೂತ ಕಸ್ತೂರೆವ್ವ ಹೊರಟದ್ದು ತತ್ವಕ್ಕಲ್ಲ. ಅವಳಿಗೆ ಒಂದು ಕೈಯಿಂದ ಬಿಡುಗಡೆ ಬೇಕಿತ್ತು.

ಗಂಡ ಹೊಳೆಪ್ಪ ತೀರಿ ಎಂಟು ವರ್ಷವಾಗಿತ್ತು. ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವಾಗ, ಜೀವಮಾನವಿಡೀ ಕೊರಳಲ್ಲಿದ್ದ ಲಿಂಗವನ್ನು ಅವರ ಎಡಗೈಯಲ್ಲಿ ಇಡುತ್ತಾರೆ. ಅಂದು ಎದೆ ಬಡಿದುಕೊಳ್ಳುವಾಗ ಕಸ್ತೂರೆವ್ವನ ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರವೂ ಹರಿಯಿತು. ಯಾರೋ ಲಿಂಗವಿದ್ದ ಅವಳ ಕರಡಿಗೆಯನ್ನು, ಹೆಣದ ಸ್ನಾನಕ್ಕೆಂದು ಬಿಚ್ಚಿಟ್ಟಿದ್ದ ಗಂಡನ ಕರಡಿಗೆಯ ಬಾಜೂಕೇ, ಗೋಡೆಯ ಗೂಡಿನಲ್ಲಿ ಇಟ್ಟರು. ಮದುವೆಗೆಂದು ಒಬ್ಬನೇ ಅಕ್ಕಸಾಲಿಗ ಮಾಡಿದ ಬೆಳ್ಳಿಯ ಜೋಡಿ ಅವು. ಮಠದ ಅಜ್ಜ ಕೈ ಚಾಚಿದಾಗ, ಕಣ್ಣೀರಿನಲ್ಲಿ ಅವಳು ಒಂದನ್ನು ಎತ್ತಿ ಕೊಟ್ಟಳು.

ಮರುದಿನ ಪೂಜೆಗೆ ಕೂತು ಕರಡಿಗೆ ತೆರೆದರೆ ಅಂಗೈಗೆ ಬಂದದ್ದು ಗಂಡನ ಲಿಂಗ. ಅವಳದರ ಅಂಚು ಚಿಕ್ಕಂದಿನಲ್ಲಿ ಬಿದ್ದು ತುಸು ಸೀಳಿತ್ತು, ಇದು ನುಣ್ಣಗಿತ್ತು. ಅವಳದು ಹೊಲದ ಮಣ್ಣಿನಲ್ಲಿ, ಗಂಡನ ಕೈಯಲ್ಲಿ ಉಳಿದಿತ್ತು. ಲಿಂಗ ಹೋದರೆ ಪ್ರಾಣ ಹೋದಂತೆ ಎಂದು ಕೇಳಿ ಬೆಳೆದವಳು, ಭಯಕ್ಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅಂದಿನಿಂದ ಪೂಜೆಗೆಂದು ಎಡಗೈ ಚಾಚಿದಾಗಲೆಲ್ಲ ಕೆಳಗಿನಿಂದ ಇನ್ನೊಂದು ಅಂಗೈ ಬಂದು ಆನಿಕೊಳ್ಳುತ್ತಿತ್ತು. ತಣ್ಣನೆಯ ಕೈ. ಹಸಿ ಎರೆಮಣ್ಣಿನ ವಾಸನೆ. ಅವಳು ಕೈ ಸರಿಸಿದರೆ ಅದೂ ಸರಿಯುತ್ತಿತ್ತು. ಪೂಜೆಯಿಲ್ಲದೆ ಉಣ್ಣುವಂತಿಲ್ಲ, ಪೂಜೆಗೆ ಕೂತರೆ ಆ ಕೈ ಬಿಡುವುದಿಲ್ಲ. ಹೆಂಗಸು ಒಣಗಿ ಕಡ್ಡಿಯಾದಳು. ಜನ ಗಂಡನ ಕೊರಗು ಎಂದರು.

ಅಣ್ಣಿಗೇರಿಯ ಗುಡಿಯ ಕಂಬಗಳ ನಡುವೆ ವಿಚಾರ ಜೋರಾಗಿಯೇ ನಡೆಯಿತು. ಅರಳೆ ವ್ಯಾಪಾರಿ ಕುಬೇರಪ್ಪನಂತೂ ದೇಹ ಸುಳ್ಳು, ಗೋರಿ ಎಂದರೆ ಬರೀ ಮಣ್ಣು ಎಂದು ತೊಡೆ ತಟ್ಟಿ ಹೇಳುತ್ತಿದ್ದ. ಒಂದು ಮಧ್ಯಾಹ್ನ ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ.

"ಮಾಸ್ತರ, ನಾನು ಯಾರು ಅಂತ ದಿನಾ ಕೇಳ್ತೀರಿ. ನನಗ ಹೇಳ್ರಿ. ಹೊಲದಾಗ ಮಣ್ಣಾದಾಕಿ ನಾನೋ, ಇಲ್ಲೆ ಕುಂತಾವ್ರು ನಮ್ಮ ಮನಿಯವರೋ?" ಎಂದವಳೇ ಎಲ್ಲವನ್ನೂ ಹೇಳಿಬಿಟ್ಟಳು. ಆಮೇಲೆ ಕುಬೇರಪ್ಪನ ಕಡೆ ತಿರುಗಿದಳು. "ಬರೀ ಮಣ್ಣು ಅಂದ್ರೆಲ್ರಿ ಕಾಕಾ. ಅಗದು ನಂದು ನನಗ ತಂದ ಕೊಡ್ರಿ."

ಕುಬೇರಪ್ಪನಿಗೆ ಆಗಲೇ ಎತ್ತುಗಳಿಗೆ ನೀರು ಕುಡಿಸುವುದು ನೆನಪಾಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಕೊನೆಗೆ, ಅವರ ಜೊತೆಗೇ ಬಂದಿದ್ದ ಮಠದ ಅಜ್ಜ ನಿಟ್ಟುಸಿರುಬಿಟ್ಟ.

"ಅಂದು ಕರಡಿಗಿ ಇಸ್ಕೊಂಡಾವ ನಾನ ಯವ್ವಾ. ನಾನರ ನೋಡಬೇಕಿತ್ತು. ಹೊಸಾದು ಕಟ್ಟತೇನಿ. ಅವರದನ್ನ ನೀರಿಗೆ ಬಿಡೂಣು. ಅವರಿಗೂ ಬಿಡುಗಡಿ, ನಿನಗೂ ಬಿಡುಗಡಿ."

"ಹಂಗ ಆಗ್ಲಿರಿ ಅಜ್ಜಾರ" ಎಂದಳು ಕಸ್ತೂರೆವ್ವ. ಎಂಟು ವರ್ಷದ ಮೇಲೆ ಅಂದು ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ಊರ ಹೊರಗಿನ ಹಳೆಯ ಬಾವಿಯ ಮೆಟ್ಟಿಲಿಳಿದರು. ಅವಳು ಗಂಡನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೀರಿನ ಮೇಲೆ ಚಾಚಿದಳು. ಕೆಳಗಿನಿಂದ ಆ ಕೈ ಬಂತು. ಎಳೆಯಲಿಲ್ಲ, ಒತ್ತಲಿಲ್ಲ, ಸುಮ್ಮನೆ ಅವಳ ಕೈಯ ಭಾರ ಹೊತ್ತುಕೊಂಡಿತ್ತು. ಅಜ್ಜ "ಬಿಡು ಯವ್ವಾ" ಎಂದ. ಅವಳು ಅಂಗೈ ಮಗುಚಿದಳು. ನೀರು ಒಮ್ಮೆ ಗುಳುಂ ಎಂದಿತು.

ಹೊಸ ಲಿಂಗ ಕಟ್ಟಿದ್ದಾಯಿತು. ಪೂಜೆಗೆ ಕೂತು ಎಡಗೈ ಚಾಚಿದಳು. ಕೆಳಗೆ ಏನೂ ಇರಲಿಲ್ಲ. ಕೈ ಸ್ವಲ್ಪ ಕೆಳಗಿಳಿಸಿ ನೋಡಿದಳು. ಇನ್ನೂ ಕೆಳಗಿಳಿಸಿದಳು. ಬೆರಳು ನೆಲದ ಕಲ್ಲಿಗೆ ತಾಗಿದವು.

"ಹಗುರ ಆತಿಲ್ಲಬೇ ಯವ್ವಾ?" ಎಂದು ಮಾಸ್ತರರು ಹಿಗ್ಗಿನಿಂದ ಕೇಳಿದರು.

"ಆತ್ರಿ" ಎಂದಳು. ಮಾಸ್ತರರು ಅಂದಿನ ಗೋಷ್ಠಿಯಲ್ಲಿ ಇದನ್ನು ವಿಚಾರದ ಗೆಲುವು ಎಂದು ಸಾರಿದರು. ಕುಬೇರಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

ಮರಳುವ ದಾರಿಯಲ್ಲಿ ಕಸ್ತೂರೆವ್ವ ಚಕ್ಕಡಿಯ ಹಿಂಬದಿಗೆ ಮುಖ ಮಾಡಿ ಕೂತಿದ್ದಳು. ಪಕ್ಕದ ಮನೆಯ ಸುಶೀಲವ್ವ ಅವಳ ಸೆರಗು ಹಸಿಯಾದದ್ದನ್ನು ಕಂಡಳು.

"ಕಾಟ ತಪ್ಪಿತಲ್ಲಬೇ. ಮತ್ತ್ಯಾಕ ಅಳ್ತಿ?"

ಕಸ್ತೂರೆವ್ವನ ಎಡಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.

"ಬದುಕಿದ್ದಾಗ ಒಂದಿನಾನೂ ಅವರು ನನ್ನ ಕೈ ಮುಟ್ಟಿ ಕುಂತಾವ್ರಲ್ಲಬೇ ಸುಶೀಲವ್ವ" ಎಂದಳು. "ಸತ್ತ ಮ್ಯಾಲ ಕುಂತಿದ್ರು. ನಾನ ಬಿಡಿಸ್ಕೊಂಡ್ನಿ."